ಬಾಣಬಿರುಸಿನ ಬ್ರಷ್ ಬಳಸಿದರೆ ಸ್ಟಿಕ್ಕರ್ ಅಂಟಿಸಿದಂತೆ ಕಾಣುತ್ತಿದೆ, ಏನು ಮಾಡಲಿ?

ಮುಲುಂಡ್ ವಿನ್ಯಾಸ:
ನಮ್ಮ ಕನ್ನಡ ಸಂಘದ ದೀಪಾವಳಿ ವಿಶೇಷಾಂಕದ ಮುಖಪುಟ ಈ ಸಲ ನನ್ನ ತಲೆಗೆ ಬಂದಿದೆ. ಗಿರಗಾಂವ್ ಚೌಪಾಟಿಯ ಕಡೆಯಿಂದ ತೆಗೆದ, ಮುಂಬೈನ ಕಡಲಂಚಿನ ರಸ್ತೆ ಮರೀನ್ ಡ್ರೈವ್‌ನ ಫೋಟೋ ಇದೆ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿದೆ, ಬೀದಿದೀಪಗಳು ಹೊತ್ತಿವೆ, ದೂರದಲ್ಲಿ ನಾರಿಮನ್ ಪಾಯಿಂಟ್‌ನ ಕಟ್ಟಡಗಳು. ಆಕಾಶ ಮಾತ್ರ ಖಾಲಿ. ಅಲ್ಲಿ ಬಾಣಬಿರುಸು ಬೇಕೇ ಬೇಕು ಎಂದು ಸಂಪಾದಕರ ಹಟ.

ಅಂತರ್ಜಾಲದಲ್ಲಿ ಸಿಕ್ಕಿದ ಉಚಿತ ಬ್ರಷ್‌ಗಳನ್ನು (ಒತ್ತಿದಲ್ಲಿ ಬಿರುಸಿನ ಆಕಾರ ಮೂಡಿಸುವ ಅಚ್ಚುಗಳು) ಫೋಟೋಶಾಪ್‌ಗೆ ಹಾಕಿಕೊಂಡೆ. ಮೂಲ ಅಳತೆ 600 ಪಿಕ್ಸೆಲ್. ಫೋಟೋದ ಮೇಲೆ ಹೊಸ ಲೇಯರ್ (ಪದರ) ಮಾಡಿ, ಬಣ್ಣ ಆರಿಸಿ, ಬ್ರಷ್ ಹಿಗ್ಗಿಸಿ ಅಲ್ಲಲ್ಲಿ ಒತ್ತಿದ್ದೇನೆ. ಸಂಘದ ಹಿರಿಯರೊಬ್ಬರು ನೋಡಿ, "ಫೋಟೋ ಚೆನ್ನಾಗಿದೆಯಮ್ಮ, ಮೇಲೆ ಸ್ಟಿಕ್ಕರ್ ಯಾಕೆ ಅಂಟಿಸಿದ್ದೀ?" ಎಂದು ಕೇಳಿದರು. ಚಿತ್ರ ಲಗತ್ತಿಸಿದ್ದೇನೆ. ಅಳತೆ ಎ4, ಆಫ್‌ಸೆಟ್ ಮುದ್ರಣ. ಇನ್ನೂ ಒಳ್ಳೆಯ ಬ್ರಷ್ ಯಾರ ಬಳಿಯಾದರೂ ಇದೆಯೇ?

ಪುಣೆಯ ಪೆನ್ಸಿಲ್:
ನಾನು ಕ್ರಿತಾ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಬಳಸುತ್ತೇನೆ, ಕಾಸು ಕೊಡಬೇಕಾಗಿಲ್ಲ. ಅದರಲ್ಲಿ ಮಲ್ಟಿಬ್ರಷ್ ಎಂಬ ಉಪಕರಣವಿದೆ. ಒಂದು ಗೆರೆ ಎಳೆದರೆ ಕೇಂದ್ರದ ಸುತ್ತಲೂ ಅದೇ ಗೆರೆ ಎಷ್ಟು ಬೇಕೋ ಅಷ್ಟು ಸಲ ಮೂಡುತ್ತದೆ. ನಿಮಿಷದಲ್ಲಿ ಬಿರುಸು ತಯಾರು.

ಹಳೆಯ ಪ್ರೆಸ್‌ನವನು, ಡೊಂಬಿವಲಿ:
ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಬ್ರಷ್‌ನ ತಪ್ಪಿಲ್ಲ, ಪಾಪ. ಇನ್ನೂ ನೂರು ಬ್ರಷ್ ಇಳಿಸಿಕೊಂಡರೂ ಇದೇ ಕಥೆ.

ಮೊದಲು ಅಳತೆ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಎ4 ಪುಟ 2480 × 3508 ಪಿಕ್ಸೆಲ್. ನಿಮ್ಮ 600 ಪಿಕ್ಸೆಲ್‌ನ ಬ್ರಷ್ ಅಚ್ಚಿನಲ್ಲಿ ಎರಡೇ ಇಂಚು. ಅದನ್ನು ಅರ್ಧ ಪುಟಕ್ಕೆ ಹಿಗ್ಗಿಸಿದ್ದೀರಿ, ಅದಕ್ಕೇ ಕಿಡಿಗಳೆಲ್ಲ ಮಂಜು ಮಂಜು. ಇನ್ನು ಬಣ್ಣ. ಬ್ರಷ್‌ನ ತುದಿಯಲ್ಲಿ ಬೂದು ಛಾಯೆಗಳು ಮಾತ್ರ ಇರುತ್ತವೆ, ಬಣ್ಣ ಇರುವುದಿಲ್ಲ. ಒಂದು ಸಲ ಒತ್ತಿದರೆ ನಡುವಿನಿಂದ ತುದಿಯವರೆಗೆ ಒಂದೇ ಕೆಂಪು. ಬೆಂಕಿ ಹಾಗಿರುತ್ತದೆಯೇ? ಸಿಡಿದ ಜಾಗ ಹೆಚ್ಚುಕಡಿಮೆ ಬಿಳಿ, ಹೊರಗೆ ಹೋದಂತೆ ಬಣ್ಣ, ತುದಿಯಲ್ಲಿ ನಂದುವ ಕಂದು.

ಬ್ರಷ್ ಅನ್ನು ನೀವೇ ಮಾಡಿಕೊಳ್ಳಿ. ಬಿಳಿ ಹಾಳೆಯ ಮೇಲೆ ಅಂಚು ಒರಟಾದ ಸಣ್ಣ ಕಪ್ಪು ಚುಕ್ಕೆ ಇಟ್ಟು, ಎಡಿಟ್ ಮೆನುವಿನ ಡಿಫೈನ್ ಬ್ರಷ್ ಪ್ರೀಸೆಟ್ ಒತ್ತಿದರೆ ಆಯಿತು. ಬ್ರಷ್ ಸೆಟ್ಟಿಂಗ್ಸ್‌ನಲ್ಲಿ ಸ್ಪೇಸಿಂಗ್ ಅನ್ನು ಶೇಕಡಾ 100ಕ್ಕಿಂತ ಮೇಲೇರಿಸಿ, ಚುಕ್ಕೆಗಳು ಬಿಡಿಬಿಡಿಯಾಗುತ್ತವೆ. ಚುಕ್ಕೆಗಳನ್ನು ಚದುರಿಸುವ ಸ್ಕ್ಯಾಟರಿಂಗ್ ಚೂರೇ ಚೂರು. ಶೇಪ್ ಡೈನಾಮಿಕ್ಸ್‌ನಲ್ಲಿ ಗಾತ್ರದ ಕಂಟ್ರೋಲ್ ಅನ್ನು ಫೇಡ್‌ಗೆ ಇಡಿ. ಅಲ್ಲಿ ಕೇಳುವ ಸಂಖ್ಯೆ ಎಂದರೆ ಎಷ್ಟು ಚುಕ್ಕೆ ಬಿದ್ದ ಮೇಲೆ ಗೆರೆ ಸಣ್ಣಗಾಗಿ ಮುಗಿಯಬೇಕು ಎಂಬುದು. ಈಗ ನಡುವಿನಿಂದ ಹೊರಗೆ ಗೆರೆ ಎಳೆಯಿರಿ, ಕಿಡಿಯ ಬಾಲ ತಾನಾಗಿಯೇ ಕ್ಷೀಣಿಸುತ್ತದೆ. ಹೊರಗಿನಿಂದ ಒಳಗೆ ಎಳೆದರೆ ಎಲ್ಲ ಉಲ್ಟಾ.

ಪುಣೆಯ ತಮ್ಮ ಹೇಳಿದ ಉಪಾಯ ಒಳ್ಳೆಯದೇ, ಆದರೆ ನೇರ ಗೆರೆಗೆ ಮಾತ್ರ. ಬಾಗಿದ ಗೆರೆಯನ್ನು ಸುತ್ತಲೂ ತಿರುಗಿಸಿದರೆ ಅದು ನೆಲಚಕ್ರವಾಗುತ್ತದೆ. ಆಕಾಶದಲ್ಲಿ ಸಿಡಿದ ಕಿಡಿ ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಕೊನೆಗೆ ಬಾಗುವುದು ಕೆಳಕ್ಕೇ. ಭೂಮಿ ಎಳೆಯುವುದು ಒಂದೇ ಕಡೆಗೆ ತಾನೆ? ನೇರ ಗೆರೆಗಳ ಬಿರುಸು ಮಾಡಿಕೊಂಡು, ಚಿತ್ರವನ್ನು ಬಾಗಿಸುವ ವಾರ್ಪ್‌ನಲ್ಲಿ ಎಡ ಬಲ ತುದಿಗಳನ್ನು ಕೆಳಗೆ ಜಗ್ಗಿ. ಆಮೇಲೆ ನಾಲ್ಕಾರು ಗೆರೆ ಅಳಿಸಿಹಾಕಿ. ಅಷ್ಟು ಅಚ್ಚುಕಟ್ಟಾದ ಬಿರುಸನ್ನು ಯಾರೂ ನೋಡಿಲ್ಲ.

ಲೇಯರ್‌ನ ಬ್ಲೆಂಡ್ ಮೋಡ್ (ಕೆಳಗಿನ ಚಿತ್ರದೊಡನೆ ಬೆರೆಯುವ ರೀತಿ) ಸ್ಕ್ರೀನ್ ಇರಲಿ, ಅದು ಬೆಳಕಿನಂತೆ ಬೆರೆಯುತ್ತದೆ. ಲೇಯರ್‌ನ ನಕಲಿಗೆ ಗಾಸಿಯನ್ ಬ್ಲರ್‌ನಿಂದ ಮಸುಕು ಕೊಟ್ಟು ಕೆಳಗೆ ಇಟ್ಟರೆ ಬೆಳಕಿನ ಹೊಗರು ಬರುತ್ತದೆ. ಅದಕ್ಕೂ ಮೊದಲು ಕರ್ವ್ಸ್‌ನಿಂದ ಆಕಾಶವನ್ನು ಕಪ್ಪಾಗಿಸಿ. ಸಂಜೆಯ ಬಿಳಿಚು ಆಕಾಶದಲ್ಲಿ ಸ್ಕ್ರೀನ್ ಪೇಲವವಾಗುತ್ತದೆ.

ಇಷ್ಟಾದರೂ ಸ್ಟಿಕ್ಕರ್‌ತನ ಪೂರ್ತಿ ಹೋಗುವುದಿಲ್ಲ. ಏಕೆಂದರೆ ಅಷ್ಟು ದೊಡ್ಡ ಬೆಂಕಿ ಮೇಲೆ ಹೊತ್ತಿದ್ದರೂ ಕೆಳಗಿನ ಸಮುದ್ರಕ್ಕೆ ಸುದ್ದಿಯೇ ಇಲ್ಲ! ಬಿರುಸನ್ನು ತಲೆಕೆಳಗು ಮಾಡಿ ನೀರಿನ ಮೇಲಿಡಿ, ಮೋಷನ್ ಬ್ಲರ್ ಅನ್ನು 90 ಡಿಗ್ರಿಗೆ ತಿರುಗಿಸಿ ಉದ್ದಕ್ಕೆ ಎಳೆಯಿರಿ, ಅಲೆಗೆ ತಕ್ಕಂತೆ ಅಡ್ಡಡ್ಡ ಒಡೆಯಿರಿ. ಮುಂಭಾಗದ ಟೆಟ್ರಾಪಾಡ್ (ಅಲೆ ತಡೆಯಲು ಹಾಕಿದ ನಾಲ್ಕು ಕಾಲಿನ ಕಾಂಕ್ರೀಟ್) ಕಲ್ಲುಗಳ ಮೇಲ್ಮೈಗೆ ಅದೇ ಬಣ್ಣವನ್ನು ಮೆತ್ತನೆಯ ಬ್ರಷ್‌ನಿಂದ ಸವರಿ. ನಾರಿಮನ್ ಪಾಯಿಂಟ್‌ನ ಕಟ್ಟಡದ ಹಿಂದೆ ಇರಬೇಕಾದ ಕಿಡಿಗಳು ಗೋಡೆಯ ಮೇಲೆ ಬಂದಿವೆ, ಮಾಸ್ಕ್ ಹಾಕಿ ಮುಚ್ಚಿ.

ಹೊಗೆಯನ್ನು ಮರೆಯಬೇಡಿ. ನಾನು ಉಡುಪಿ ಕಡೆಯವನು, ರಥೋತ್ಸವದ ಸುಡುಮದ್ದು ನೋಡಿ ಬೆಳೆದವನು. ಮೊದಲನೆಯದು ಸಿಡಿದಾಗ ಆಕಾಶ ಸ್ವಚ್ಛ. ಅದರ ಹೊಗೆ ಗಾಳಿಗೆ ಒಂದೇ ದಿಕ್ಕಿಗೆ ವಾಲುತ್ತಿರುವಾಗ ಎರಡನೆಯದು ಸಿಡಿಯುತ್ತದೆ, ಆಗ ಹಳೆಯ ಹೊಗೆಗೆ ಹೊಸ ಬಿರುಸಿನ ಬಣ್ಣ ಹತ್ತುತ್ತದೆ. ಕೆಂಪು ಬಿರುಸಿನ ಪಕ್ಕದಲ್ಲಿ, ಕಿಡಿಯೇ ಇಲ್ಲದ ಜಾಗದಲ್ಲಿ, ಒಂದು ತುಂಡು ಕೆಂಪು ಹೊಗೆ ಹಾಕಿ ನೋಡಿ. ನಂಬಿಕೆ ಬರುವುದು ಅಲ್ಲಿಂದ.

ಮಡಗಾಂವ್ ಮಾವಿನಕಾಯಿ:
ಫೋಟೋಶಾಪ್ ಇಲ್ಲದವರಿಗೆ: ಜಿಂಪ್ ಎಂಬ ಉಚಿತ ತಂತ್ರಾಂಶ ಕೂಡ ಎಬಿಆರ್ ಕಡತಗಳನ್ನು (ಫೋಟೋಶಾಪ್‌ನ ಬ್ರಷ್ ಕಡತಗಳು) ಓದುತ್ತದೆ, ಬ್ರಷ್‌ಗಳ ಫೋಲ್ಡರ್‌ಗೆ ಹಾಕಿ ರಿಫ್ರೆಶ್ ಮಾಡಿದರೆ ಸಾಕು. ತುದಿಯ ಆಕಾರ ಮಾತ್ರ ಬರುತ್ತದೆ, ಸ್ಕ್ಯಾಟರಿಂಗ್ ಮುಂತಾದ ಹೊಂದಾಣಿಕೆಗಳನ್ನು ಅಲ್ಲೇ ಹೊಸದಾಗಿ ಮಾಡಿಕೊಳ್ಳಬೇಕು.

ಮುಲುಂಡ್ ವಿನ್ಯಾಸ:
ಹಳೆಯ ಪ್ರೆಸ್‌ನ ಸರ್, ಸಮುದ್ರದ ಪ್ರತಿಬಿಂಬ ಹಾಕಿದ ಕೂಡಲೇ ಚಿತ್ರದ ಕಳೆಯೇ ಬದಲಾಯಿತು! ಒಂದೇ ತೊಡಕು: ಸಂಪಾದಕರಿಗೆ ಕಡು ನೀಲಿ ಬಿರುಸು ಇಷ್ಟ. ಪರದೆಯಲ್ಲಿ ಮಿಂಚುತ್ತದೆ, ಮುದ್ರಣದ ನಾಲ್ಕು ಶಾಯಿಗಳ ಸಿಎಂವೈಕೆಗೆ ಬದಲಿಸಿದರೆ ಸತ್ತುಹೋಗುತ್ತದೆ.

ಹಳೆಯ ಪ್ರೆಸ್‌ನವನು, ಡೊಂಬಿವಲಿ:
ಸಾಯಲೇಬೇಕು. ಪರದೆಯ ಆ ನೀಲಿ ನಾಲ್ಕು ಶಾಯಿಗಳಿಗೆ ದಕ್ಕುವುದಿಲ್ಲ. ಕಂಟ್ರೋಲ್ ಮತ್ತು ವೈ ಒತ್ತಿದರೆ ಅಚ್ಚಿನಲ್ಲಿ ಬರುವ ಬಣ್ಣದ ಅಂದಾಜು ಸಿಗುತ್ತದೆ, ಅದನ್ನು ಹಾಕಿಕೊಂಡೇ ಕೆಲಸ ಮಾಡಿ. ಕೊನೆಯಲ್ಲಿ ನಕಲು ಕಡತದಲ್ಲಿ ಲೇಯರ್‌ಗಳನ್ನು ಒಂದು ಮಾಡಿ, ಆಮೇಲೆ ಸಿಎಂವೈಕೆಗೆ ಬದಲಿಸಿ. ಇಲ್ಲವಾದರೆ ಸ್ಕ್ರೀನ್ ಮೋಡ್‌ನ ಫಲಿತಾಂಶವೇ ಬೇರೆಯಾಗುತ್ತದೆ.

ಸಂಪಾದಕರಿಗೆ ಇದನ್ನೂ ಹೇಳಿ: ನಿಜವಾದ ಬಾಣಬಿರುಸಿನಲ್ಲೂ ಕಡು ನೀಲಿ ಅಪರೂಪ. ಕೆಂಪಿಗೆ ಸ್ಟ್ರಾನ್ಷಿಯಂ, ಹಸಿರಿಗೆ ಬೇರಿಯಂ, ಹಳದಿಗೆ ಸೋಡಿಯಂ, ಇವೆಲ್ಲ ಸಲೀಸು. ನೀಲಿ ಬರಬೇಕಾದದ್ದು ತಾಮ್ರದಿಂದ. ಶಾಖ ಹೆಚ್ಚಾದರೆ ಆ ಬಣ್ಣ ಕೊಡುವ ಸಂಯುಕ್ತವೇ ಒಡೆದುಹೋಗುತ್ತದೆ, ಕಡಿಮೆಯಾದರೆ ಬೆಳಕು ಸಾಲದು. ಹಾಗಾಗಿ ಹೊನ್ನಿನ ಬಣ್ಣ ಮತ್ತು ಕೆಂಪು ಹೆಚ್ಚಿರಲಿ, ನೀಲಿ ಒಂದು ಮೂಲೆಯಲ್ಲಿ ಚಿಕ್ಕದಾಗಿ ಸಾಕು.

ಪತ್ರಿಕೆಯ ಹೆಸರು ಎಲ್ಲಿ ಬರುತ್ತದೆ?

ಮುಲುಂಡ್ ವಿನ್ಯಾಸ:
ಮೇಲ್ಭಾಗದಲ್ಲಿ, ಆಕಾಶದ ಮೇಲೆಯೇ.

ಹಳೆಯ ಪ್ರೆಸ್‌ನವನು, ಡೊಂಬಿವಲಿ:
ಹಾಗಾದರೆ ಬಿರುಸುಗಳನ್ನು ಬಲಗಡೆ ಸಮುದ್ರದ ಮೇಲಕ್ಕೆ ಇಳಿಸಿ. ಒತ್ತಕ್ಷರದ ಬಾಲ ಯಾವುದು, ಕಿಡಿಯ ಬಾಲ ಯಾವುದು ಎಂದು ಓದುಗರು ಹುಡುಕುವಂತಾಗಬಾರದು. ಅಕ್ಷರಗಳನ್ನು ಫೋಟೋಶಾಪ್‌ನಲ್ಲಿ ಕೂಡಿಸಬೇಡಿ, ಪುಟವಿನ್ಯಾಸದ ತಂತ್ರಾಂಶದಲ್ಲಿ ಹಾಕಿ. ಅಂಚು ಚೂಪಾಗಿ ಬರುತ್ತದೆ. ಕಪ್ಪು ಆಕಾಶಕ್ಕೆ ನಾಲ್ಕೂ ಶಾಯಿ ಸೇರಿ ಒಟ್ಟು ಎಷ್ಟಿರಬಹುದು ಎಂದು ನಿಮ್ಮ ಪ್ರೆಸ್‌ನವರನ್ನು ಇವತ್ತೇ ಕೇಳಿಬಿಡಿ. ದೀಪಾವಳಿ ಹತ್ತಿರವಾದಂತೆ ಅವರು ಫೋನ್ ಎತ್ತುವುದಿಲ್ಲ.