ಸೇವೆಯಲ್ಲಿ ಬಸವಳಿದಾಗ ದೇವರಲ್ಲಿ ವಿಶ್ರಾಂತಿ ಹೇಗೆ? ಅನುಭವ ಇರೋರು ತಿಳಿಸಿ

ಪ್ರಶ್ನೆ (ಮಂಡ್ಯ): ನಾನು ಸಭೆಯ ಪಾಸ್ಟರ್. ಭಾನುವಾರ ಎರಡು ಆರಾಧನೆ, ಬುಧವಾರ ಮನೆಕೂಟ, ಶುಕ್ರವಾರ ಉಪವಾಸ ಪ್ರಾರ್ಥನೆ, ನಡುವೆ ಆಸ್ಪತ್ರೆ, ಸಾವು, ಮದುವೆ. ಬೈಬಲ್ ತೆರೆದರೆ ಅಕ್ಷರ ಕಾಣುತ್ತೆ, ಮನಸ್ಸಿಗೆ ಇಳಿಯಲ್ಲ. ರಜೆ ತಗೊಂಡ್ರೆ ದೇವರ ಕರೆಗೆ ದ್ರೋಹ ಅನ್ಸುತ್ತೆ.

ಮೈಸೂರಿಂದ: ದ್ರೋಹ ಅಲ್ಲ ಬ್ರದರ್. ಊಟಕ್ಕೂ ಬಿಡುವಿಲ್ಲದ ಶಿಷ್ಯರಿಗೆ ದಣಿವಾರಿಸಿಕೊಳ್ಳಿ ಅಂದಿದ್ದು ಯೇಸುವೇ (ಮಾರ್ಕ 6:31). ಮೊದಲು ನಿದ್ದೆ. 1 ಅರಸುಗಳು 19 ನೋಡಿ: ಸಾವು ಬೇಡಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಇನ್ನೊಂದು ಸಲ ಉಣ್ಣಿಸಿದ ಮೇಲೇ ಹೋರೇಬ್ ಬೆಟ್ಟದ ದಾರಿ. ಶುಕ್ರವಾರ ಉಪವಾಸ, ಶನಿವಾರ ಮಧ್ಯರಾತ್ರಿವರೆಗೆ ಪ್ರಸಂಗದ (ಆರಾಧನೆಯ ಬೋಧನೆಯ) ತಯಾರಿ, ಭಾನುವಾರ ಎರಡು ಆರಾಧನೆ ಒಂದರ ಮೇಲೊಂದು ಬೀಳೋದ್ರಿಂದಲೇ ಮೈ ಸೋಲೋದು. ಪ್ರಸಂಗ ಗುರುವಾರಕ್ಕೇ ಮುಗಿಸಿ.

ಶ್ರೀರಂಗಪಟ್ಟಣದಿಂದ: ರಜೆಯನ್ನ ಭಾನುವಾರ ಹೊತ್ತು ಮುಳುಗಿದಾಗಿಂದ ಸೋಮವಾರ ಸಂಜೆವರೆಗೆ ಇಟ್ಕೊಳ್ಳಿ, ಬೈಬಲ್ಲಿನ ವಿಶ್ರಾಂತಿ ದಿನ ಸಬ್ಬತ್ತೂ ಸಂಜೆಯಿಂದ ಸಂಜೆಗೇ. ಫೋನನ್ನ ಸಭೆಯ ಹಿರಿಯರೊಬ್ಬರ ನಂಬರಿಗೆ ಫಾರ್ವರ್ಡ್ ಮಾಡಿ, ಆರಾಧನೆಯ ಪ್ರಕಟಣೆಯಲ್ಲೇ ತಿಳಿಸಿಬಿಡಿ. ಸಾವು, ಅಪಘಾತ ಆದ್ರೆ ಅವರು ಮನೆಗೇ ಬಂದು ಹೇಳ್ಲಿ. ಪ್ರಸಂಗದ ಬೈಬಲ್ ಆ ದಿನ ಮುಟ್ಟಬೇಡಿ. ಗೆರೆ ಎಳೆದು, ಅಂಚಲ್ಲೆಲ್ಲ ಟಿಪ್ಪಣಿ ಬರೆದ ಪುಸ್ತಕ ಕೈಗೆ ಬಂದ್ರೆ 'ಇದು ಮುಂದಿನ ವಾರಕ್ಕಾಗುತ್ತೆ' ಅಂತ ಕೈ ತಾನಾಗೇ ಪೆನ್ನು ಹುಡುಕುತ್ತೆ. ಬೇರೆ ಪ್ರತಿ ತಗೊಂಡು ಕೀರ್ತನೆ 131 ಮೂರು ಸಲ ನಿಧಾನಕ್ಕೆ ಬಾಯ್ಬಿಟ್ಟು ಓದಿ, 20 ನಿಮಿಷ ಸುಮ್ಮನೆ ಕೂತ್ಕೊಳ್ಳಿ. ಮೂರೇ ವಚನ. ಅಲ್ಲಿರೋದು ಮೊಲೆ ಬಿಡಿಸಿದ ಕೂಸು. ಹಾಲಿಗೆ ಅಳಲ್ಲ, ತಾಯಿ ಹತ್ತಿರ ಇದ್ರೆ ಸಾಕು ಅದಕ್ಕೆ. ಕೂತಲ್ಲೇ ತೂಕಡಿಕೆ ಬಂದ್ರೂ ಬರ್ಲಿ.

ಪಾಂಡವಪುರದಿಂದ: ಕೆಲಸ ಹಂಚಿ. ನೀನೂ ಬಳಲ್ತೀಯ, ಜನರೂ ಬಳಲ್ತಾರೆ ಅಂತ, ಜನರ ವ್ಯಾಜ್ಯ ಎಲ್ಲ ಒಬ್ಬನೇ ತೀರಿಸ್ತಿದ್ದ ಮೋಶೆಗೆ ಮಾವ ಇತ್ರೋ ಹೇಳಿದ್ದು ಇದಕ್ಕೇ (ವಿಮೋಚನಕಾಂಡ 18). ಹತ್ತು ಮನೆಗೊಬ್ಬರಂತೆ ಭೇಟಿ ವಹಿಸಿ. ಎಡವೋದು ಎಲ್ಲಿ ಅಂದ್ರೆ, ಕೆಲಸ ಕೊಟ್ಟು ತೀರ್ಮಾನ ಮಾಡೋ ಅಧಿಕಾರ ಕೊಡಲ್ಲ. ಎಲ್ಲಾ ತಿರುಗಿ ನಿಮ್ಮ ಬಾಗಿಲಿಗೇ ಬರುತ್ತೆ. ಕಷ್ಟದ ವ್ಯಾಜ್ಯ ಮಾತ್ರ ನಿಮ್ಮವರೆಗೆ ಬರ್ಲಿ.

ಮೈಸೂರಿಂದ ಇನ್ನೊಬ್ಬರು: ವಾರಗಟ್ಟಲೆ ಸುಸ್ತು ಬಿಡದಿದ್ರೆ ಡಾಕ್ಟರ್ ಹತ್ರ ಹೋಗಿ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ನೋಡಿಸಿ, ಎಲ್ಲವನ್ನೂ ಆತ್ಮಿಕ ಬಲಹೀನತೆ ಅಂತ ಹೊತ್ಕೋಬೇಡಿ. ಬದುಕೇ ಬೇಡ ಅನ್ನಿಸಿದ್ರೆ ತಡ ಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಅಮ್ಮನವರಿಗೂ (ನಿಮ್ಮ ಹೆಂಡತಿಗೂ) ಅದೇ ದಿನ ರಜೆ ಇರ್ಲಿ. ಮರುಭೂಮಿಯಲ್ಲಿ ದೇವರು ಕೊಟ್ಟ ಆಹಾರ ಮನ್ನವನ್ನ ಇಸ್ರಾಯೇಲರು ಸಬ್ಬತ್ತಿಗೂ ಆಗ್ಲಿ ಅಂತ ಆರನೇ ದಿನ ಎರಡರಷ್ಟು ಕೂಡಿಸ್ತಿದ್ದ ಹಾಗೆ, ಸಾರು ಭಾನುವಾರವೇ ಸೋಮವಾರಕ್ಕೂ ಆಗೋಷ್ಟು ಮಾಡಿಡಿ.