ಬೀರು, ಕಪಾಟಿಗೆ ಆಗುವಂಥ ಮರ ಬೇಗ ಬೆಳೆಯೋದು ಯಾವುದು?

ಹಾಸನದ ಹತ್ತಿರ ಎರಡು ಎಕರೆ ಕೆಂಪು ಮಣ್ಣಿದೆ, ಒಂದು ಬೋರ್‌ವೆಲ್ ಇದೆ. ನಾನಿರೋದು ಬೆಂಗಳೂರಲ್ಲಿ, ಊರಿಗೆ ತಿಂಗಳಿಗೊಮ್ಮೆ. ನರ್ಸರಿಯವರು ಹೆಬ್ಬೇವು (ಬೇವಿನ ಕುಟುಂಬದ, ಬೇಗ ಬೆಳೆಯೋ ಮರ) ಹಾಕಿ, ಆರೇ ವರ್ಷಕ್ಕೆ ಕೋಟಿ ಅಂತಾರೆ. ಕೋಟಿ ಬೇಡ, ಬಡಗಿ ಒಪ್ಪೋ ಹಲಗೆ ಬಂದರೆ ಸಾಕು. ಬೆಳೆದವರು ಹೇಳಿ.

ಚಾಮರಾಜನಗರದಿಂದ: 2013ರಲ್ಲಿ ಹತ್ತು ಅಡಿಗೊಂದರಂತೆ 400 ಹೆಬ್ಬೇವು ಹಾಕಿದೆ. ಬೆಳೆಯೋದೇನೋ ರಾಕ್ಷಸ ಬೆಳವಣಿಗೆ. ಆದರೆ ಮೊದಲ ಎರಡು ವರ್ಷ ಕಾಂಡದ ಪಕ್ಕದ ಚಿಗುರು ಚಿವುಟಲಿಲ್ಲ. ಎಳೆಯದಿದ್ದಾಗ ಹೆಬ್ಬೆರಳಲ್ಲಿ ಒರೆಸಿದರೆ ಉದುರುತ್ತೆ, ಬಿಟ್ಟರೆ ರೆಂಬೆ, ರೆಂಬೆ ಇದ್ದಲ್ಲೆಲ್ಲ ಗಂಟು. ಎಂಟನೇ ವರ್ಷ ವ್ಯಾಪಾರಿ ಬಂದು ಕಾಂಡ ಸವರಿ ನೋಡಿ, 'ಇದು ಪ್ಲೈವುಡ್‌ಗೇ ಸರಿ ಅಣ್ಣ' ಅಂದುಬಿಟ್ಟ. ಈಗ ಹಾಕೋದಾದರೆ ಹದಿನೈದು ಅಡಿ ಅಂತರ ಕೊಟ್ಟು, ಹನ್ನೆರಡು ವರ್ಷ ಕಾಯ್ತೀನಿ. ನೀರು ನಿಲ್ಲೋ ಕಡೆ ಮಾತ್ರ ಬೇಡ.

ಹುಣಸೂರಿನ ಬಡಗಿ: ಹೆಬ್ಬೇವು ಹಗುರ, ಉಳಿಗೆ ಹಿತ. ಹೆದರಿಕೆ ಮರ ಕೊರೆದು ಪುಡಿ ಮಾಡೋ ಕುಟ್ಟೆ ಹುಳದ್ದು. ಕೊಯ್ದ ಹಲಗೆಯನ್ನು ಹಸಿ ಇರೋವಾಗಲೇ ಬೋರಾಕ್ಸ್, ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸಿ, ಆಮೇಲೆ ನೆರಳಲ್ಲಿ ನಡುವೆ ಪಟ್ಟಿ ಇಟ್ಟು ಪೇರಿಸಿ. ಹಾಗೆ ಮಾಡದ ಒಂದು ಬೀರು ನಾನೇ ಮಾಡಿಕೊಟ್ಟಿದ್ದೆ. ವರ್ಷ ತುಂಬೋದರೊಳಗೆ ಒಳಗಿಟ್ಟ ಸೀರೆ ಮೇಲೆಲ್ಲ ಬಿಳಿ ಪುಡಿ. ಇನ್ನು ಎಳೇ ತೇಗ ಅಂತ ಯಾರಾದರೂ ಆಸೆ ತೋರಿಸಿದರೆ ಅಡ್ಡ ಕೊಯ್ಸಿ ನೋಡಿ, ನಡುವಿನ ಗಟ್ಟಿ ಕೆಚ್ಚಿಗಿಂತ ಹೊರಗಿನ ಬಿಳಿಭಾಗವೇ ಜಾಸ್ತಿ.

ಸೋಮವಾರಪೇಟೆಯಿಂದ: ನಮ್ಮಲ್ಲಿ ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ ಎರಡೂ ಸಿಲ್ವರ್ ಓಕ್. ಕೊಯ್ದಾಗ ಹಲಗೆ ಮೇಲೆ ಜರಿಯಂಥ ಚುಕ್ಕಿ ಮಿಂಚುತ್ತೆ, ಕಪಾಟಿನ ಬಾಗಿಲಿಗೆ ಚೆಂದ. ಸರಿಯಾಗಿ ಒಣಗದಿದ್ದರೆ ಸೊಟ್ಟಗಾಗುತ್ತೆ, ಹೊಟ್ಟು ಕೆಲವರ ಮೈಗೆ ತುರಿಕೆ ತರುತ್ತೆ. ಕಡಿಯಲು ಅರಣ್ಯ ಇಲಾಖೆ ಅನುಮತಿ ಬೇಡ ಅನ್ನೋದೇ ದೊಡ್ಡ ನೆಮ್ಮದಿ. ತೇಗಕ್ಕೆ ಬೇಕು. ಏನೇ ನೆಟ್ಟರೂ ಪಹಣಿಯಲ್ಲಿ ಮರ ನಮೂದಾಗಿರಲಿ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿಗೆ ಮೂರು ವರ್ಷ ದುಡ್ಡು ಕೊಡ್ತಾರೆ, ನೆಡೋಕೆ ಮುಂಚೆಯೇ ವಲಯ ಅರಣ್ಯ ಕಚೇರಿಗೆ ಹೋಗಿ ಕೇಳಿ.

ಕೇಳಿದವರು: ತುಂಬ ಉಪಕಾರ ಆಯ್ತು. ತಿಂಗಳಿಗೊಮ್ಮೆ ಬರೋನು ಚಿಗುರು ಚಿವುಟೋದು ಹೇಗೆ ಅಣ್ಣ?

ಚಾಮರಾಜನಗರದಿಂದ: ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬನ್ನಿ. ಆಗದಿದ್ದರೆ ಎರಡೆಕರೆ ಬಿಟ್ಟು ಬದುವಿನ ಮೇಲೆ ಐವತ್ತೇ ಹಾಕಿ, ಬಂದ ದಿನ ಒಂದು ಸುತ್ತು ಹೊಡೆದರೆ ಮುಗೀತು.