ಯಾವ ಪ್ರೋಗ್ರಾಮಿಂಗ್ ಭಾಷೆ ಯಾವ ಕೆಲಸಕ್ಕೆ? ನಿಮ್ಮ ಪ್ರಶ್ನೆ, ಇಂಜಿನಿಯರ್ ಉತ್ತರ

ಈ ವಾರ ನಮ್ಮ ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ಹೊನ್ನಾವರ ಕಡೆಯ ಸಾಫ್ಟ್‌ವೇರ್ ಇಂಜಿನಿಯರ್. ಬೆಂಗಳೂರಿನಲ್ಲಿ ಕೆಲಸ ಮಾಡಿ, ಈಗ ಶಿರಸಿಯ ಮನೆಯಿಂದಲೇ ಮಾಡುತ್ತಿದ್ದಾರೆ.

ಒಬ್ಬ ತಾಯಿ, ಸಿದ್ದಾಪುರ: ನಮಸ್ಕಾರ ಮೇಡಂ. ಮಗಳು ಪಿಯುಸಿ ಮುಗಿಸಿ ಶಿರಸಿಯಲ್ಲಿ ಬಿಸಿಎ ಸೇರಿದ್ದಾಳೆ. ಪಕ್ಕದ ಮನೆಯವರು ಜಾವಾ ಕಲಿಸಿ ಅಂತಾರೆ. ಬೆಂಗಳೂರಲ್ಲಿರುವ ನಮ್ಮ ಅಣ್ಣನ ಮಗ ಪೈಥಾನ್ ಅಂತಾನೆ. ಒಂದು ತರಬೇತಿ ಕೇಂದ್ರದವರು ಆರು ತಿಂಗಳಲ್ಲಿ ಏಳು ಭಾಷೆ ಕಲಿಸ್ತೇವೆ ಅಂತಿದ್ದಾರೆ, ಫೀಸು ಜಾಸ್ತಿ. ಏನು ಮಾಡೋದು?

ಉತ್ತರ: ಅಕ್ಕ, ಏಳು ಭಾಷೆಯ ಕೋರ್ಸಿಗೆ ದುಡ್ಡು ಕಟ್ಟಬೇಡಿ. ಆರು ತಿಂಗಳಲ್ಲಿ ಏಳು ಹೆಸರು ಬಾಯಿಗೆ ಬರುತ್ತವೆ, ಅಷ್ಟೇ. ಸ್ವಂತವಾಗಿ ಏನಾದರೂ ಬರೆ ಅಂದರೆ ಕೈ ಓಡುವುದಿಲ್ಲ. ಮೊದಲ ವರ್ಷಕ್ಕೆ ಒಂದೇ ಭಾಷೆ ಸಾಕು. ನನ್ನ ಆಯ್ಕೆ ಪೈಥಾನ್.

ಗಿಡೋ ವಾನ್ ರಾಸಮ್ ಅವರು 1991ರಲ್ಲಿ ಇದನ್ನು ಹೊರತಂದರು. ಓದುವವರಿಗೆ ಸುಲಭವಾಗಿರಬೇಕು ಅನ್ನುವುದು ಮೊದಲಿನಿಂದಲೂ ಅದರ ಗುರಿ. ಪರದೆಯ ಮೇಲೆ ಹೆಸರು ಮೂಡಿಸಲು ಇಲ್ಲಿ ಒಂದೇ ಸಾಲು ಬರೆದರಾಯಿತು. ಜಾವಾವನ್ನು ಸಾಮಾನ್ಯವಾಗಿ ಕಲಿಸುವ ರೀತಿಯಲ್ಲಿ ಅಷ್ಟಕ್ಕೇ ಕ್ಲಾಸ್, ಮೇನ್ ಮೆಥಡ್ ಎಲ್ಲಾ ಬರೆಯಬೇಕು. ಅದೇನು ಅಂತ ಮಕ್ಕಳಿಗೆ ಅರ್ಥವಾಗುವುದು ಎಷ್ಟೋ ತಿಂಗಳ ಮೇಲೆ. ಡೇಟಾ ವಿಶ್ಲೇಷಣೆ, ಎಐ, ಆಫೀಸಿನ ಫೈಲ್ ಕೆಲಸ, ವೆಬ್‌ಸೈಟ್‌ನ ಹಿಂಬದಿ (ನಮಗೆ ಕಾಣದ ಸರ್ವರ್ ಕಂಪ್ಯೂಟರಿನಲ್ಲಿ ನಡೆಯುವ ಕೆಲಸ), ಇವೆಲ್ಲಕ್ಕೂ ಪೈಥಾನ್ ಬಳಕೆಯಲ್ಲಿದೆ. ಮೊಬೈಲ್ ಆಪ್ ಮಾಡಲು ಮಾತ್ರ ಅದು ಅಷ್ಟು ಒಗ್ಗುವುದಿಲ್ಲ.

ಪಕ್ಕದ ಮನೆಯವರ ಮಾತೂ ಸುಳ್ಳಲ್ಲ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1995ರಲ್ಲಿ ಬಿಡುಗಡೆ ಮಾಡಿದ ಜಾವಾದಲ್ಲಿ ಇಂದಿಗೂ ಬ್ಯಾಂಕ್, ವಿಮೆ, ದೊಡ್ಡ ಕಂಪನಿಗಳ ಸರ್ವರ್ ಕೆಲಸ ನಡೆಯುತ್ತಿದೆ. ಅದು ಹೇಗೂ ಎರಡನೆಯ ಭಾಷೆಯಾಗಿ ಬರಲಿ. ವೇರಿಯಬಲ್ (ಬೆಲೆ ಇಡುವ ಹೆಸರು), ಕಂಡೀಷನ್ (ಹೀಗಿದ್ದರೆ ಹೀಗೆ ಮಾಡು), ಲೂಪ್ (ಅದನ್ನೇ ಮತ್ತೆ ಮತ್ತೆ ಮಾಡು), ಫಂಕ್ಷನ್ (ಹೆಸರಿಟ್ಟ ಒಂದು ಸಣ್ಣ ಕೆಲಸ) ಒಂದು ಸಲ ತಲೆಗೆ ಹತ್ತಿದರೆ ಎರಡನೆಯದಕ್ಕೆ ಅರ್ಧ ಶ್ರಮ ಸಾಕು.

ಮಗಳಿಗೆ ಒಂದು ಮಾತು ಹೇಳಿ. ಪಾಠ ಕೇಳಿದ ಮೇಲೆ ವಿಡಿಯೋ ಮುಚ್ಚಿಟ್ಟು ಮನೆಯದೇ ಒಂದು ಲೆಕ್ಕವನ್ನು ಪ್ರೋಗ್ರಾಮ್ ಮಾಡಲಿ. ಡೈರಿಗೆ ಹಾಕಿದ ಹಾಲು, ಫ್ಯಾಟ್, ದರ, ಹತ್ತು ದಿನದ ಮೊತ್ತ. ನೋಡಿ ಬರೆದದ್ದು ಉಳಿಯುವುದಿಲ್ಲ.

ಅದೇ ತಾಯಿ: ತುಂಬಾ ಉಪಕಾರ ಆಯ್ತು. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ಉತ್ತರ: ಪೈಥಾನ್ ಓಡಲು ನೆಟ್ ಬೇಡ ಅಕ್ಕ. ಶಿರಸಿಗೆ ಬಂದಾಗ ಒಂದು ಸಲ ಇಳಿಸಿಕೊಂಡರೆ ಮುಗಿಯಿತು. ಅಧಿಕೃತ ಕೈಪಿಡಿಯನ್ನೂ ಇಡಿಯಾಗಿ ಡೌನ್‌ಲೋಡ್ ಮಾಡಬಹುದು, ಉಚಿತ. ಲ್ಯಾಪ್‌ಟಾಪ್ ಚಾರ್ಜ್ ಇಲ್ಲದ ದಿನ ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ 3 ಆಪ್ ಹಾಕಿಕೊಂಡರೆ ಅದರಲ್ಲೇ ಬರೆದು ಓಡಿಸಬಹುದು. ಸಣ್ಣ ಅಭ್ಯಾಸಕ್ಕೆ ಧಾರಾಳ ಸಾಕು.

ಬಿಸಿಎ ವಿದ್ಯಾರ್ಥಿ, ಕುಮಟಾ: ಅಕ್ಕ, ಜಾವಾ ಬಂದರೆ ಜಾವಾಸ್ಕ್ರಿಪ್ಟ್ ಬಂದ ಹಾಗೇ ಅಲ್ವಾ? ಎಚ್‌ಟಿಎಂಎಲ್ ಕೂಡ ಗೊತ್ತು, ರೆಸ್ಯೂಮೆಯಲ್ಲಿ ಹಾಕಬಹುದಾ?

ಉತ್ತರ: ಇಲ್ಲ ತಮ್ಮಾ, ಎರಡೂ ಬೇರೆ. ಜಾವಾಸ್ಕ್ರಿಪ್ಟನ್ನು ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ 1995ರಲ್ಲಿ ಮಾಡಿದರು. ಆಗ ಜಾವಾ ಹೆಸರು ಜೋರಾಗಿತ್ತು, ಆ ಹೆಸರನ್ನು ಇದಕ್ಕೂ ಅಂಟಿಸಿದರು. ಬ್ರೌಸರ್ ಒಳಗೆ ಓಡುವ ಮುಖ್ಯ ಭಾಷೆ ಇದೇ. ಫಾರ್ಮ್ ತುಂಬುವಾಗ ಫೋನ್ ನಂಬರ್ ತಪ್ಪಿದೆ ಅಂತ ಅಲ್ಲೇ ಕೆಂಪಕ್ಷರ ಬರುತ್ತದಲ್ಲ, ಸಾಮಾನ್ಯವಾಗಿ ಅದು ಇದರದೇ ಕೆಲಸ. ಎಚ್‌ಟಿಎಂಎಲ್ ಪುಟದ ರಚನೆ ಹೇಳುತ್ತದೆ, ಅದರಲ್ಲಿ ಲೂಪ್, ಕಂಡೀಷನ್ ಇಲ್ಲ. ಆದರೂ ರೆಸ್ಯೂಮೆಯಲ್ಲಿ ಧೈರ್ಯವಾಗಿ ಹಾಕು, ವೆಬ್ ಕೆಲಸಕ್ಕೆ ಅದು ಬೇಕೇ ಬೇಕು.

ಸಹಕಾರಿ ಸಂಘದ ಗುಮಾಸ್ತರು, ಯಲ್ಲಾಪುರ: ಮೇಡಂ, ನನಗೆ ವಯಸ್ಸು 47. ಅಡಿಕೆ ಟೆಂಡರ್ ಲೆಕ್ಕ ತಿಂಗಳಿಗೊಂದು ಎಕ್ಸೆಲ್ ಫೈಲಿನಲ್ಲಿದೆ. ವರ್ಷದ ಕೊನೆಗೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಅಂತ ಅಡಿಕೆಯ ಒಂದೊಂದು ಜಾತಿಗೆ ಬೇರೆ ಬೇರೆ ಮೊತ್ತ ತೆಗೆಯುವಾಗ ಎರಡು ದಿನ ಹೋಗುತ್ತದೆ. ನಾನು ಏನು ಕಲಿಯಬಹುದು?

ಉತ್ತರ: ಸರ್, ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಈ ಗುಂಪಿನಲ್ಲಿ ತುಂಬಾ ಜನರಿಗೆ ಬೇಕಾದದ್ದು ಇದೇ. ನೀವು ಎಸ್‌ಕ್ಯೂಎಲ್ ಕಲಿಯಿರಿ. ಡೇಟಾಬೇಸ್, ಅಂದರೆ ಪಟ್ಟಿಗಳಾಗಿ ಇಟ್ಟ ಮಾಹಿತಿಯಿಂದ ಬೇಕಾದದ್ದನ್ನು ಕೇಳಿ ಪಡೆಯುವ ಭಾಷೆ. 1970ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ ಭಾಷೆ ಇದು. ಸುಮಾರು ಐವತ್ತು ವರ್ಷ ಆದರೂ ಡೇಟಾಬೇಸ್ ಅಂದರೆ ಮೊದಲು ನೆನಪಾಗುವುದು ಇದೇ. ನಮ್ಮ ಹುಡುಗರು ಇದನ್ನು ಸದರ ಮಾಡುತ್ತಾರೆ, ನನಗೆ ಬೇಜಾರು. ನಾನು ನೋಡಿದ ಕೆಲಸಗಳಲ್ಲಿ ಎಸ್‌ಕ್ಯೂಎಲ್ ಬೇಡದ ಕೆಲಸ ಕಡಿಮೆ.

ಇದರಲ್ಲಿ ಹೇಗೆ ಮಾಡು ಅಂತ ಹೇಳುವುದಿಲ್ಲ, ಏನು ಬೇಕು ಅಂತ ಹೇಳುತ್ತೀರಿ. ಈ ಪಟ್ಟಿಯಿಂದ, ಜಾತಿವಾರು ಗುಂಪು ಮಾಡಿ, ತೂಕದ ಮೊತ್ತ ಕೊಡು. ಮೂರು ಸಾಲು. ಹನ್ನೆರಡು ತಿಂಗಳ ಲೆಕ್ಕ ಒಂದೇ ಪಟ್ಟಿಯಲ್ಲಿದ್ದರೆ ಉತ್ತರ ಕ್ಷಣದಲ್ಲಿ ಬರುತ್ತದೆ. ಸರ್ವರ್ ಏನೂ ಬೇಡ. ಎಸ್‌ಕ್ಯೂಲೈಟ್ ಅಂತ ಇದೆ, ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿ ಕೂರುತ್ತದೆ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲೂ ಅದು ಆಗಲೇ ಇದೆ. ಹನ್ನೆರಡು ಫೈಲ್ ಒಟ್ಟು ಮಾಡುವ ಕೆಲಸಕ್ಕೆ ಪೈಥಾನ್‌ನ ಪಾಂಡಾಸ್ ಅನ್ನುವ ಲೈಬ್ರರಿ (ಬೇರೆಯವರು ಬರೆದಿಟ್ಟ ಕೋಡಿನ ಕಟ್ಟು) ಸಾಕು.

ದುಡ್ಡಿನ ವಿಷಯದಲ್ಲಿ ಮಾತ್ರ ಜಾಗ್ರತೆ. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿ ನೋಡಿ, 0.30000000000000004 ಅಂತ ಬರುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲೂ ಹಾಗೇ. ಕಂಪ್ಯೂಟರ್ ದಶಾಂಶವನ್ನು ಎರಡರ ಲೆಕ್ಕದಲ್ಲಿ (0 ಮತ್ತು 1 ಮಾತ್ರ) ಇಡುವುದರಿಂದ 0.1 ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಹಣವನ್ನು ಪೈಸೆಯಲ್ಲಿ, ಪೂರ್ಣ ಸಂಖ್ಯೆಯಾಗಿ ಇಡಿ. ಇಲ್ಲವೇ ದಶಾಂಶವನ್ನು ಇದ್ದ ಹಾಗೇ ಇಡುವ, ಪೈಥಾನ್‌ನಲ್ಲೇ ಇರುವ ಡೆಸಿಮಲ್ ಬಳಸಿ. ಆಡಿಟ್ ಹೊತ್ತಿಗೆ ಒಂದು ಪೈಸೆ ಹುಡುಕುವ ಕಷ್ಟ ನಿಮಗೇ ಗೊತ್ತು.

47 ಅನ್ನುವ ಅಂಕಿ ಬದಿಗಿಡಿ ಸರ್. ಲೆಕ್ಕ ಏನು ಅಂತ ಗೊತ್ತಿರುವವರು ಭಾಷೆ ಕಲಿಯುವುದು ಬೇಗ.

ಅದೇ ಗುಮಾಸ್ತರು: ಇದನ್ನೆಲ್ಲ ಈಗ ಎಐಗೆ ಹೇಳಿದರೆ ಅದೇ ಬರೆದು ಕೊಡುತ್ತದಂತೆ?

ಉತ್ತರ: ಕೊಡುತ್ತದೆ, ನಾನೂ ಬಳಸುತ್ತೇನೆ. ಆದರೆ ಬಂದದ್ದನ್ನು ಓದಲು ನಿಮಗೆ ಬರಬೇಕು. ಸುಮ್ನೆ ಒಂದು ಲೆಕ್ಕ ಹಾಕೋಣ. 2 ಕ್ವಿಂಟಾಲ್ 40,000 ದರದಲ್ಲಿ ಹೋಯಿತು, 8 ಕ್ವಿಂಟಾಲ್ 45,000ದಲ್ಲಿ ಹೋಯಿತು. ಸರಾಸರಿ ದರ ಕೊಡು ಅಂತ ಅಷ್ಟೇ ಕೇಳಿದರೆ ಎರಡು ದರ ಕೂಡಿಸಿ ಅರ್ಧ ಮಾಡಿ 42,500 ಅಂತ ಹೇಳುವ ಕೋಡ್ ಬರಬಹುದು. ಕೋಡ್ ತಪ್ಪಿಲ್ಲದೆ ಓಡುತ್ತದೆ, ಉತ್ತರ ತಪ್ಪು. ಒಟ್ಟು ಹಣವನ್ನು ಒಟ್ಟು ತೂಕದಿಂದ ಭಾಗಿಸಿದರೆ ನಿಜವಾದ ಸರಾಸರಿ 44,000. ಇದನ್ನು ಹಿಡಿಯುವುದು ನಿಮ್ಮಂಥವರು ಮಾತ್ರ.

ಶಿಕ್ಷಕಿ, ಅಂಕೋಲಾ: ಮಕ್ಕಳಿಗೆ ಕನ್ನಡ ಪದಗಳ ಆಟ ಮಾಡಿಕೊಡಬೇಕು. ಕನ್ನಡದಲ್ಲಿ ಪ್ರೋಗ್ರಾಮ್ ಬರೆಯಬಹುದಾ?

ಉತ್ತರ: ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಕನ್ನಡ ಹೆಸರು ಇಡಬಹುದು ಟೀಚರ್, ಭಾಷೆಯ ಮೂಲ ಪದಗಳು ಇಂಗ್ಲಿಷಿನವೇ. ಪದದ ಆಟಕ್ಕೆ ಒಂದು ಸೂಕ್ಷ್ಮ ಗೊತ್ತಿರಲಿ. ‘ಅಡಿಕೆ’ಯಲ್ಲಿ ಎಷ್ಟು ಅಕ್ಷರ ಅಂತ ಪೈಥಾನ್‌ಗೆ ಕೇಳಿದರೆ 5 ಅನ್ನುತ್ತದೆ. ಯೂನಿಕೋಡ್‌ನಲ್ಲಿ (ಎಲ್ಲ ಲಿಪಿಗಳಿಗೂ ಕಂಪ್ಯೂಟರ್ ಬಳಸುವ ಸಂಕೇತಗಳು) ಅ, ಡ, ಗುಡಿಸು, ಕ, ಎತ್ವ, ಪ್ರತಿಯೊಂದೂ ಬೇರೆ. ಒತ್ತಕ್ಷರ ಬಂದರೆ ನಡುವೆ ಹಲಂತವೂ ಲೆಕ್ಕಕ್ಕೆ ಸೇರುತ್ತದೆ. ಪದವನ್ನು ಸುಮ್ನೆ ತಿರುಗಿಸಿದರೆ ಗುಡಿಸು, ಎತ್ವ ಎಲ್ಲೆಲ್ಲೋ ಹೋಗಿ ಕೂರುತ್ತವೆ. ಮೊದಲು ಪದವನ್ನು ನಾವು ಓದುವ ಅಕ್ಷರಗಳಾಗಿ ಒಡೆಯುವ ಒಂದು ಫಂಕ್ಷನ್ ಬರೆದುಕೊಳ್ಳಿ. ಬೇಕಾದರೆ ನಾನೇ ಬರೆದು ಗುಂಪಿಗೆ ಹಾಕುತ್ತೇನೆ, ನಮ್ಮ ಮಕ್ಕಳಿಗಲ್ವಾ.

ತೋಟದವರು, ಶಿರಸಿ ಹತ್ತಿರ: ತಂಗಿ, ತೋಟದ ಮಣ್ಣು ಒಣಗಿದರೆ ಪಂಪು ತಾನೇ ಚಾಲೂ ಆಗಬೇಕು. ಪೈಥಾನ್ ಆಗ್ತದಾ?

ಉತ್ತರ: ಭಾವ, ಯಾವ ಬೋರ್ಡ್ (ಸೆನ್ಸರ್ ನೋಡಿ ಪಂಪು ನಡೆಸುವ ಸಣ್ಣ ಕಂಪ್ಯೂಟರ್) ಅನ್ನುವುದರ ಮೇಲೆ ಹೋಗುತ್ತದೆ. ಆರ್ಡುಯಿನೋ ಊನೋ ಆರ್3 ಬೋರ್ಡಿನ ಚಿಪ್‌ನಲ್ಲಿ ಪ್ರೋಗ್ರಾಮ್ ಇಡಲು 32 ಕೆಬಿ, ಓಡಿಸಲು 2 ಕೆಬಿ ರ‍್ಯಾಮ್ ಅಷ್ಟೇ ಜಾಗ. ಅಷ್ಟರಲ್ಲಿ ಪೈಥಾನ್ ಹಿಡಿಯುವುದಿಲ್ಲ. ಅಲ್ಲಿ ಸಿ ಪ್ಲಸ್ ಪ್ಲಸ್. ಸಿ ಭಾಷೆಯನ್ನು 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಮಾಡಿದರು, ಸಿ ಪ್ಲಸ್ ಪ್ಲಸ್ ಅದರಿಂದ ಬೆಳೆದದ್ದು. ಯಂತ್ರದ ಹತ್ತಿರ ಇದ್ದು, ಕಡಿಮೆ ಜಾಗದಲ್ಲಿ ಕೆಲಸ ಮುಗಿಸುವ ಭಾಷೆಗಳು ಇವು. ಇಎಸ್‌ಪಿ32 ಬೋರ್ಡ್ ತಂದರೆ ಜಾಗ ಜಾಸ್ತಿ, ಮೈಕ್ರೋಪೈಥಾನ್ (ಸಣ್ಣ ಬೋರ್ಡುಗಳಿಗೆ ಮಾಡಿದ ಪೈಥಾನ್) ಓಡುತ್ತದೆ.

ತೇವ ಅಳೆಯುವ ಸೆನ್ಸರ್ ಕೆಪ್ಯಾಸಿಟಿವ್ ಇರುವುದನ್ನೇ ತನ್ನಿ. ಬರಿ ಲೋಹದ ಎರಡು ಕಡ್ಡಿ ಇರುವುದು ನಮ್ಮ ಒದ್ದೆ ಮಣ್ಣಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಸಣ್ಣ ರಿಲೇಗೆ (ಬೋರ್ಡ್ ಹೇಳಿದಂತೆ ಆನ್-ಆಫ್ ಆಗುವ ಸ್ವಿಚ್) ತ್ರೀ ಫೇಸ್ ಪಂಪನ್ನು ನೇರ ಕೊಡಲೇಬೇಡಿ. ಸ್ಟಾರ್ಟರಿನ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಡೆಯುವ ದೊಡ್ಡ ಸ್ವಿಚ್) ಮೂಲಕವೇ ಹೋಗಬೇಕು, ಆ ಭಾಗ ಎಲೆಕ್ಟ್ರಿಷಿಯನ್ ಮಾಡಲಿ.

ಇಂಜಿನಿಯರಿಂಗ್ ವಿದ್ಯಾರ್ಥಿ, ಕಾರವಾರ: ಅಕ್ಕ, ನಮ್ಮ ಅಪ್ಪನ ಬೋಟಿನ ಲೆಕ್ಕಕ್ಕೆ ಮೊಬೈಲ್ ಆಪ್ ಮಾಡಬೇಕು. ಡೀಸೆಲ್, ಐಸ್, ಮೀನು ಮಾರಿದ ಹಣ, ಪ್ರತಿಯೊಬ್ಬರ ಪಾಲು. ಕೋಟ್ಲಿನ್ ಕಲಿಯಲಾ, ಫ್ಲಟರ್ ಕಲಿಯಲಾ? ಲ್ಯಾಪ್‌ಟಾಪ್ 8 ಜಿಬಿ.

ಉತ್ತರ: ಬೋಟಿನಲ್ಲಿರುವವರ ಫೋನೆಲ್ಲ ಆಂಡ್ರಾಯ್ಡ್ ಆಗಿದ್ದರೆ ಕೋಟ್ಲಿನ್. ಜೆಟ್‌ಬ್ರೇನ್ಸ್ ಕಂಪನಿ ಮಾಡಿದ ಭಾಷೆ. 2017ರಲ್ಲಿ ಗೂಗಲ್ ಇದಕ್ಕೆ ಅಧಿಕೃತ ಬೆಂಬಲ ಕೊಟ್ಟಿತು, 2019ರಿಂದ ಆಂಡ್ರಾಯ್ಡ್‌ಗೆ ಇದೇ ಮೊದಲ ಆಯ್ಕೆ ಅಂದಿತು. ಯಾರಾದರೂ ಐಫೋನ್ ಇಟ್ಟುಕೊಂಡಿದ್ದರೆ ಫ್ಲಟರ್ ಅನ್ನುವ ಆಪ್ ಕಟ್ಟುವ ಸಾಧನ, ಅದರ ಭಾಷೆ ಡಾರ್ಟ್. ಒಂದೇ ಕೋಡ್ ಎರಡೂ ಕಡೆ ಓಡುತ್ತದೆ.

8 ಜಿಬಿಯಲ್ಲಿ ಆಂಡ್ರಾಯ್ಡ್ ಸ್ಟುಡಿಯೋ (ಆಪ್ ಬರೆಯುವ ಸಾಫ್ಟ್‌ವೇರ್) ತಿಣುಕುತ್ತದೆ, ಆದರೆ ನಡೆಯುತ್ತದೆ. ಎಮ್ಯುಲೇಟರ್ (ಲ್ಯಾಪ್‌ಟಾಪ್ ಒಳಗಿನ ನಕಲಿ ಫೋನ್) ತೆರೆಯಬೇಡ, ನಿನ್ನ ಫೋನನ್ನೇ ಕೇಬಲ್ ಹಾಕಿ ಜೋಡಿಸು. ಸಮುದ್ರದಲ್ಲಿ ದಡ ಬಿಟ್ಟು ದೂರ ಹೋದರೆ ನೆಟ್‌ವರ್ಕ್ ಇಲ್ಲ. ಹಾಗಾಗಿ ಲೆಕ್ಕ ಮೊದಲು ಫೋನಿನಲ್ಲೇ ಉಳಿಯಬೇಕು, ಬಂದರಿಗೆ ಬಂದ ಮೇಲೆ ಸರ್ವರಿಗೆ ಹೋಗಲಿ. ಗುಮಾಸ್ತ ಸರ್‌ಗೆ ಹೇಳಿದ ಎಸ್‌ಕ್ಯೂಲೈಟೇ ಇಲ್ಲಿಯೂ ಬೇಕು.

ಕೋಡ್ ಬರೆಯುವ ಮೊದಲು ಅಪ್ಪನ ಲೆಕ್ಕದ ಪುಸ್ತಕ ಕೇಳಿ ತೆಗೆದುಕೋ. ಯಾವ ಖರ್ಚು ಮೊದಲು ಕಳೆಯುತ್ತಾರೆ, ಪಾಲು ಯಾವುದರ ಮೇಲೆ ಹಾಕುತ್ತಾರೆ, ಮುಂಗಡ ಕೊಟ್ಟದ್ದನ್ನು ಎಲ್ಲಿ ಬರೆಯುತ್ತಾರೆ, ಎಲ್ಲಾ ನೋಡಿಕೋ. ಒಂದು ಪುಟದ ಫೋಟೋವನ್ನು ಹೆಸರು ಮುಚ್ಚಿ ಇಲ್ಲಿ ಹಾಕಿದರೆ ಯಾವ ಪಟ್ಟಿಗಳು ಬೇಕು ಅಂತ ಇಬ್ಬರೂ ಸೇರಿ ಬರೆಯೋಣ.